ಬಾಗಿಲ ಮುಂದಿನ ಏಳು ಮೊಳ



ನಿಮ್ಮ ಮನೆಯ ಬಾಗಿಲು ತೆರೆದು ಹೊರಗೆ ಒಂದು ಹೆಜ್ಜೆ ಇಡಿ. ಈಗ ನೀವು ನಿಂತಿರುವ ಜಾಗ ಯಾರದು? ನಿಮ್ಮದೇ? ಎದುರು ಮನೆಯವರದೇ? ಸರಕಾರದ್ದೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ ಎಂದೇ ಬಹಳ ಕಾಲ ತಿಳಿದಿದ್ದೆ. ಮಕ್ಕಳಿಗೆ ಪಾಠ ಹೇಳುವವಳಲ್ಲವೇ ನಾನು? ದಾರಿಯಲ್ಲಿರುವ ಮುಳ್ಳನ್ನು ಸರಿಸುವುದೂ ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಪ್ರತಿವರ್ಷ ಮಕ್ಕಳ ಬಾಯಿಂದ ಹೇಳಿಸುತ್ತೇನೆ. ಆದರೆ ಅದು ನನ್ನ ಮನೆಯ ಬಾಗಿಲಿಗೇ ಬಂದ ದಿನ ನಾನು ಅನುತ್ತೀರ್ಣಳಾದೆ.

ನಮ್ಮದು ರಾಯಚೂರಿನ ಹಳೆಯ ಭಾಗದ ಒಂದು ಗಲ್ಲಿ. ಒಂದು ದಿನ ನಸುಕಿನಲ್ಲಿ, ಫಜ್ರ್ ಅಝಾನ್‌ಗೆ ಇನ್ನೂ ಸಮಯವಿರುವಾಗಲೇ, ಗಲ್ಲಿಯ ಕೊನೆಯ ಮನೆಯ ಖಾಲಾಗೆ ಉಸಿರು ಕಟ್ಟಿತು. ಅವರ ಮಗ 108ಕ್ಕೆ ಫೋನ್ ಮಾಡಿದ. ಗಾಡಿ ಬೇಗನೆ ಬಂತು. ಆದರೆ ಗಲ್ಲಿಯ ಬಾಯಿಯಲ್ಲೇ ನಿಂತಿತು. ಬೇವಿನ ಮರದ ಕೆಳಗೆ ಒಂದು ಕಾರು ನಿಂತಿತ್ತು. ಅದನ್ನು ದಾಟಿ ಆಂಬುಲೆನ್ಸ್ ಒಳಗೆ ಬರುವಂತಿರಲಿಲ್ಲ.

ಆ ಕಾರು ನಮ್ಮದು. ನನ್ನ ಪತಿ ಹಿಂದಿನ ರಾತ್ರಿಯ ರೈಲಿಗೆ ಹೈದರಾಬಾದಿಗೆ ಹೋಗಿದ್ದರು. ಕೀಲಿ ಅವರ ಚೀಲದಲ್ಲೇ ಉಳಿದಿತ್ತು. ಕೊನೆಗೆ ನಾಲ್ಕು ಹುಡುಗರು ಖಾಲಾರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕತ್ತಲಲ್ಲಿ ಚರಂಡಿಯ ಕಲ್ಲುಗಳ ಮೇಲೆ ಕಾಲಿಡುತ್ತಾ ಹೊತ್ತೊಯ್ದರು. ನಾನು ಬಾಗಿಲಲ್ಲಿ ನಿಂತು ದುಆ ಮಾಡಿದೆ. ಬೇರೇನೂ ಮಾಡಲಾಗಲಿಲ್ಲ.

ಅಲ್ಹಮ್ದುಲಿಲ್ಲಾಹ್, ಖಾಲಾ ಬದುಕಿದರು. ಎಂಟು ದಿನಗಳ ನಂತರ ಮನೆಗೆ ಬಂದಾಗ ಹಣ್ಣು ತೆಗೆದುಕೊಂಡು ನೋಡಲು ಹೋದೆ. ಏನು ಬೈಯುತ್ತಾರೋ ಎಂಬ ಭಯವಿತ್ತು. ಅವರು ನನ್ನ ಕೈ ಹಿಡಿದು, "ಬೇಟಾ, ಬಿಸಿಲಿನ ಊರು, ಮರದ ನೆರಳು ಯಾರಿಗೆ ಬೇಡ? ಕಾರು ಅಲ್ಲೇ ಇರಲಿ ಬಿಡು. ಬರೀ ಕೀಲಿ ಮನೆಯಲ್ಲಿರಲಿ" ಎಂದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ದಾರಿ ಎಷ್ಟು ಅಗಲವಿರಬೇಕು?

ಆ ರಾತ್ರಿ ನಾನು ಮದ್ರಸಾದಲ್ಲಿ ಓದಿದ ಹಳೆಯ ಪುಸ್ತಕಗಳನ್ನು ತೆರೆದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಒಂದು ವರದಿ ಕಣ್ಣಿಗೆ ಬಿತ್ತು. ಜನರು ದಾರಿಯ ಬಗ್ಗೆ ಜಗಳವಾಡಿದಾಗ ಪ್ರವಾದಿ(ಸ)ರವರು ಏಳು ಮೊಳ ಬಿಡಬೇಕೆಂದು ತೀರ್ಪು ಕೊಟ್ಟರೆಂದು ಅಬೂ ಹುರೈರಾ(ರ) ತಿಳಿಸುತ್ತಾರೆ. ವಿದ್ಯಾರ್ಥಿನಿಯಾಗಿದ್ದಾಗ ಇದನ್ನು ಎಷ್ಟೋ ಸಲ ಓದಿದ್ದೆ. ಪರೀಕ್ಷೆಗೆ ಬರುವುದಿಲ್ಲವೆಂದು ಮುಂದಿನ ಪುಟಕ್ಕೆ ಹೋಗಿದ್ದೆ!

ಒಂದು ಮೊಳವೆಂದರೆ ಸುಮಾರು ಒಂದೂವರೆ ಅಡಿ. ಏಳು ಮೊಳವೆಂದರೆ ಹತ್ತೂವರೆ ಅಡಿ. ಮರುದಿನ ಮಗನ ಕೈಗೆ ಟೇಪು ಕೊಟ್ಟು ನಮ್ಮ ಗಲ್ಲಿಯನ್ನು ಅಳೆಸಿದೆ. ಗೋಡೆಯಿಂದ ಗೋಡೆಗೆ ಹನ್ನೊಂದು ಅಡಿ ಬಂತು. ಸಣ್ಣ ಕಾರೂ ಐದು ಅಡಿಯಷ್ಟು ಅಗಲವಿರುತ್ತದೆ. ಉಳಿಯುವುದು ಆರು ಅಡಿ. ಅದರಲ್ಲಿ ಚರಂಡಿ, ಮನೆಗಳ ಮೆಟ್ಟಿಲು, ನೀರಿನ ಡ್ರಮ್ಮು. ಆಂಬುಲೆನ್ಸ್ ಆರು ಅಡಿಗೂ ಅಗಲ. ಎಲ್ಲಿಂದ ಬರಬೇಕು ಅದು?

ಸಹೋದರಿ, ಲೆಕ್ಕ ಇಷ್ಟು ಸುಲಭವಿರುವಾಗ ನಾವು ವರ್ಷಗಟ್ಟಲೆ ಜಗಳವಾಡುತ್ತೇವೆ. "ನಿನ್ನ ಗಾಡಿ ತೆಗೆ", "ನಿನ್ನ ಮೆಟ್ಟಿಲು ಒಡೆ", "ನಿಮ್ಮಪ್ಪನ ರಸ್ತೆಯಾ?" ಗಂಡಸರ ಮಾತು ಮನೆಯೊಳಗೆ ಬಂದು ಹೆಂಗಸರ ಮೌನವಾಗುತ್ತದೆ. ಈದ್‌ಗೆ ಶೀರ್‌ಖುರ್ಮಾದ ಬಟ್ಟಲು ಆ ಮನೆಗೆ ಹೋಗುವುದು ನಿಲ್ಲುತ್ತದೆ. ಯಾರ ಕೆಡುಕಿನಿಂದ ನೆರೆಯವರು ನಿರ್ಭಯರಾಗಿಲ್ಲವೋ ಅವರ ವಿಶ್ವಾಸವನ್ನೇ ಪ್ರವಾದಿ(ಸ) ಪ್ರಶ್ನಿಸಿದ್ದಾರೆಂಬುದು ನಮಗೆ ಗೊತ್ತು. ಆ ಕೆಡುಕು ನಾಲ್ಕು ಚಕ್ರಗಳ ಮೇಲೆ ನಿಂತಿರಬಹುದೆಂದು ಮಾತ್ರ ನಮಗೆ ಹೊಳೆಯುವುದಿಲ್ಲ.

ಬಂಡಿಗೆ ಕಟ್ಟಿದ ಊರು, ಕಾರು ತುಂಬಿದ ಊರು

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಭಾರದ ಸಾಗಾಟ ಆಗಲೂ ದೊಡ್ಡ ಕೆಲಸವೇ ಆಗಿತ್ತು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಮತ್ತು ಮದರಾಸು ಕಡೆಯ ಹಳಿ ನಮ್ಮ ರಾಯಚೂರಿನಲ್ಲೇ ಬಂದು ಕೂಡಿದವು. ಊರು ಬೆಳೆಯಿತು. ಆದರೆ ಕೋಟೆಯ ಒಳಗೂ ಹೊರಗೂ ಇರುವ ಹಳೆಯ ಮೊಹಲ್ಲಾಗಳ ಗಲ್ಲಿಗಳು ಬಂಡಿ, ಟಾಂಗಾಗಳ ಅಳತೆಗೇ ಉಳಿದವು. ಗೋಡೆಗಳು ಹಿಂದೆ ಸರಿಯುವುದಿಲ್ಲ. ಸರಿಯಬೇಕಾದವರು ನಾವೇ.

ತೀನ್ ಕಂದೀಲ್ ಕಡೆಗೆ ಸಂಜೆ ಹೋಗಿದ್ದೀರಾ? ಅಂಗಡಿಯ ಸಾಮಾನು ಹೊರಗೆ, ಅದರ ಮುಂದೆ ತಳ್ಳುಗಾಡಿ, ಅದರ ಮುಂದೆ ಬೈಕು, ಉಳಿದ ಜಾಗದಲ್ಲಿ ಆಟೋ, ಬುರ್ಖಾ ಎತ್ತಿ ಹಿಡಿದು ಮಗುವನ್ನು ಎಳೆದುಕೊಂಡು ಹೋಗುವ ತಾಯಿ. ಇಂಥಲ್ಲಿ ಬಡ ತಳ್ಳುಗಾಡಿಯವರ ಮೇಲೆ ಮೊದಲು ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಒಮ್ಮೆ ಸೊಪ್ಪು ಮಾರುವ ಅಜ್ಜಿಗೆ ಅದನ್ನೇ ಹೇಳಿದೆ. ಆಕೆ, "ನಾನರ ಎದ್ದು ಸಂಜಿಗೆ ಬುಟ್ಟಿ ತಗೊಂಡು ಹೋಗ್ತೀನ್ರೀ ಮೇಡಂ. ಆ ಕಾರು ಹೋಗಂಗಿಲ್ಲ ನೋಡ್ರಿ. ಎಲ್ಲಿ ಕುಂದ್ರು ಅಂತೀರಿ ಅಲ್ಲಿ ಕುಂದ್ರತೀನಿ, ಜಾಗ ತೋರಸ್ರಿ" ಎಂದಳು.

ಆಕೆಯ ಮಾತಿನಲ್ಲಿ ಕಾನೂನೂ ಇದೆ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಬಂದ ಕೇಂದ್ರದ ಕಾಯ್ದೆಯ ಪ್ರಕಾರ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಡುವ ತನಕ ಇರುವವರನ್ನು ಎಬ್ಬಿಸುವಂತಿಲ್ಲ. ಬುಟ್ಟಿಯವಳಿಗೆ ಜಾಗ ಕೇಳುವ ಹಕ್ಕಿದೆ. ಪಕ್ಕದವರ ಗೇಟಿನ ಎದುರು, ಫುಟ್‌ಪಾತಿನ ಮೇಲೆ, ಶಾಲೆ-ಆಸ್ಪತ್ರೆಯ ಬಾಗಿಲಲ್ಲಿ, ತಿರುವಿನಲ್ಲಿ ಗಾಡಿ ನಿಲ್ಲಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. 2017ರ ವಾಹನ ಚಾಲನಾ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸಿವೆ.

ನಮ್ಮ ಮನೆಯ ಮಾತನ್ನೂ ಹೇಳಿಕೊಳ್ಳೋಣ. ಜುಮಾ ದಿನ ಮಸೀದಿಯ ಸುತ್ತ ಬೈಕುಗಳನ್ನು ಹೇಗೆ ನಿಲ್ಲಿಸುತ್ತೇವೆ? ಖುತ್ಬಾಕ್ಕೆ ತಡವಾಯಿತೆಂದು ಯಾರದೋ ಬಾಗಿಲಿಗೆ ಅಡ್ಡ ಹಾಕಿ ಓಡುತ್ತೇವೆ. ಆ ಮನೆಯವರು ಯಾವ ಧರ್ಮದವರೇ ಆಗಿರಲಿ, ಅರ್ಧ ಗಂಟೆ ಅವರು ನಮ್ಮ ಕೈದಿಗಳು. ಮದುವೆಯ ಶಾಮಿಯಾನ ಮೂರು ದಿನ ಗಲ್ಲಿಯನ್ನು ಮುಚ್ಚಿದರೆ ಆ ಮೂರು ದಿನ ಯಾರಿಗೂ ಹೆರಿಗೆ ನೋವು ಬರುವುದಿಲ್ಲವೆಂದು ನಮಗೆ ಯಾರು ಹೇಳಿದರು? ದಾರಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಕೊಡಲೇಬೇಕೆಂದು ಪ್ರವಾದಿ(ಸ) ತಾಕೀತು ಮಾಡಿದ್ದರು. ಅವರು ಎಣಿಸಿದ ಹಕ್ಕುಗಳಲ್ಲಿ ಯಾರಿಗೂ ತೊಂದರೆ ಕೊಡದಿರುವುದೂ ಒಂದು.

ಬಸ್ಸಿನ ಬಾಗಿಲಲ್ಲಿ

ದಾರಿಯ ಹಕ್ಕು ಗಲ್ಲಿಗೆ ಮುಗಿಯುವುದಿಲ್ಲ. ಗಲ್ಲಿ ದಾಟಿದರೆ ಬಸ್ಸು. ಮಾನ್ವಿ ರಾಯಚೂರಿನಿಂದ ಸುಮಾರು 45 ಕಿಲೋಮೀಟರ್, ದೇವದುರ್ಗ 50 ಕಿಲೋಮೀಟರಿಗೂ ಹೆಚ್ಚು. ಕಾಲೇಜಿಗೆ, ದೊಡ್ಡ ಆಸ್ಪತ್ರೆಗೆ, ಜಿಲ್ಲಾ ಕಚೇರಿಗೆ ಅಲ್ಲಿಯವರು ರಾಯಚೂರಿಗೇ ಬರಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಉಳಿಯಿತು. ತವರಿಗೆ ಹೋಗಲು ಗಂಡನ ಮುಂದೆ ಕೈಯೊಡ್ಡಬೇಕಿದ್ದ ಎಷ್ಟೋ ಅಕ್ಕಂದಿರು ಈಗ ತಾವೇ ಹೋಗಿ ಬರುತ್ತಾರೆ.

ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸು ನಿಲ್ಲುತ್ತದೆಯೇ? ತುಂಬಿದ ಬಸ್ಸು ಹಳ್ಳಿಯ ಮುಂದೆ ನಿಲ್ಲದೆ ಹೋದರೆ ಹುಡುಗಿ ಟಂಟಂ ಹತ್ತಬೇಕು. ಅದೂ ತುಂಬಿದ್ದರೆ ಮನೆಗೆ ಮರಳಬೇಕು. ಹೀಗೆ ನಾಲ್ಕು ದಿನ ಮರಳಿದರೆ ಐದನೆಯ ದಿನ ಅಪ್ಪ, "ಸಾಕು, ಕಾಲೇಜು ಬಿಡು" ಎನ್ನುತ್ತಾನೆ. ನನ್ನ ಒಬ್ಬ ಶಿಷ್ಯೆ ಕಲಿಕೆ ನಿಲ್ಲಿಸಿದ್ದು ಬಡತನದಿಂದಲ್ಲ, ಬೆಳಗಿನ ಒಂದು ಬಸ್ಸಿನಿಂದ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಸರಕು ಗಾಡಿಗಳ ಹಿಂದೆ ನಿಂತು ಹೋಗುವ ಹೆಣ್ಣುಮಕ್ಕಳನ್ನು ನೀವೂ ನೋಡಿದ್ದೀರಿ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸಬಾರದೆಂದು ಎಲ್ಲರಿಗೂ ಗೊತ್ತು. ಬೇರೆ ಗಾಡಿ ಎಲ್ಲಿದೆ ಎಂದು ಕೇಳುವವರು ಕಡಿಮೆ.

2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ಬಸ್ಸು ಮತ್ತು ಸಾರಿಗೆ ಬಸ್ಸು ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಅನೇಕರು ಗಾಯಗೊಂಡರು. ಆ ದಿನ ನನ್ನ ಮೇಜಿನ ಮೇಲೆ ಮಕ್ಕಳು ಇಟ್ಟಿದ್ದ ಹೂವನ್ನು ನೋಡಲು ನನ್ನಿಂದಾಗಲಿಲ್ಲ. ರಸ್ತೆ, ಬಸ್ಸು, ವೇಗ ಇವೆಲ್ಲ ಗಂಡಸರು ಕಟ್ಟೆಯ ಮೇಲೆ ಕೂತು ಆಡುವ ಮಾತೆಂದು ನಾವು ತಿಳಿದಿದ್ದೇವೆ. ಬೆಳಿಗ್ಗೆ ತಲೆ ಬಾಚಿ ಡಬ್ಬಿ ಕಟ್ಟಿ ಮಕ್ಕಳನ್ನು ಕಳುಹಿಸುವವರು ಯಾರು?

ಇದರ ಇನ್ನೊಂದು ಮುಖವೂ ನಮ್ಮ ಕೈಯಲ್ಲೇ ಇದೆ. ಹದಿನಾರು ತುಂಬುವ ಮೊದಲೇ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು, "ಹಾಲು ತಗೊಂಡು ಬಾ ಬೇಟಾ" ಎನ್ನುವ ಅಮ್ಮಂದಿರು ನಾವು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸಜೆಯಾಗಬಹುದು. ದಂಡದ ಮಾತು ಬಿಡಿ. ಗಲ್ಲಿಯಲ್ಲಿ ಆಡುತ್ತಿರುವ ಪಕ್ಕದ ಮನೆಯ ಮಗುವಿನ ಬೆಲೆ ಎಷ್ಟು?

ಪಂಚಾಯಿತಿಯಲ್ಲಿ ಇಲ್ಲದವರು

ನಮ್ಮ ಗಲ್ಲಿಯ ವಿಷಯಕ್ಕೆ ಬರುತ್ತೇನೆ. ಖಾಲಾರ ಘಟನೆಯ ನಂತರ ಇಶಾ ನಮಾಝ್ ಮುಗಿಸಿ ಹಿರಿಯರು ಕೂತರು. ಗಲ್ಲಿಯ ಹಿಂದೂ ನೆರೆಯವರನ್ನೂ ಕರೆದಿದ್ದರು. ಎರಡು ಗಂಟೆ ಗದ್ದಲವಾಯಿತು. ಮಾತು ಹಳೆಯ ಆಸ್ತಿ ಜಗಳಕ್ಕೆ ಹೋಗಿ, ಯಾರ ತಾತ ಎಷ್ಟು ಜಾಗ ಒತ್ತಿದನೆಂಬಲ್ಲಿಗೆ ಮುಟ್ಟಿ, ಚಹಾ ಕುಡಿದು ಮುಗಿಯಿತು. ಆ ಸಭೆಯಲ್ಲಿ ಕುರ್ಚಿ ಹೊತ್ತ ಹುಡುಗರಿರಲಿಲ್ಲ. ಖಾಲಾರ ಸೊಸೆಯಿರಲಿಲ್ಲ. ನಾನೂ ಇರಲಿಲ್ಲ.

ಮುಂದಿನ ರವಿವಾರ ಹೆಂಗಸರು ನಮ್ಮ ಮನೆಯಲ್ಲಿ ಸೇರಿದೆವು. ಎದುರು ಮನೆಯ ಶಿಕ್ಷಕಿ ಅಕ್ಕನವರೂ ಬಂದರು. ನಾವು ಯಾರ ತಪ್ಪೆಂದು ಬರೆಯಲಿಲ್ಲ. ಯಾವ ಹೊತ್ತಿಗೆ ಏನು ಬೇಕೆಂದು ಬರೆದೆವು. ನಸುಕಿನಲ್ಲಿ ನೀರಿನ ಟ್ಯಾಂಕರ್, ಎಂಟಕ್ಕೆ ಶಾಲಾ ಆಟೋ, ಮಧ್ಯಾಹ್ನ ಗ್ಯಾಸ್ ಗಾಡಿ, ರಾತ್ರಿ ಯಾವಾಗಲಾದರೂ ಆಂಬುಲೆನ್ಸ್. ಬರೆದ ಕಾಗದವನ್ನು ಗಂಡಸರ ಸಭೆಗೆ ಕಳುಹಿಸಿದೆವು. ಅದರ ಕೊನೆಯಲ್ಲಿ ಮೊದಲ ಸಹಿ ನನ್ನದು. ನಮ್ಮ ಕಾರು ಇನ್ನು ಗಲ್ಲಿಯೊಳಗೆ ನಿಲ್ಲುವುದಿಲ್ಲವೆಂದು ಬರೆದು ಸಹಿ ಮಾಡಿದ್ದೆ. ನನ್ನ ಪತಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ದೂರದ ಬಯಲಿನಲ್ಲಿ ಕಾರು ನಿಲ್ಲಿಸಿ ಬೆವರೊರೆಸುತ್ತಾ ನಡೆದು ಬಂದರು.

ಎಲ್ಲವೂ ಸರಿಹೋಯಿತೆಂದು ಸುಳ್ಳು ಹೇಳಲಾರೆ. ಒಂದು ಮನೆಯ ಮೆಟ್ಟಿಲು ಇನ್ನೂ ಹೊರಗೇ ಇದೆ. ಇಬ್ಬರು ಇನ್ನೂ ಸಲಾಮ್ ಹೇಳುವುದಿಲ್ಲ. ಆದರೆ ಗಲ್ಲಿಯ ಒಂದು ಬದಿ ಖಾಲಿಯಿದೆ. ಬೈಕುಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೊನ್ನೆ ಆಂಬುಲೆನ್ಸ್ ಕೊನೆಯ ಮನೆಯ ತನಕ ಹೋಯಿತು. ಹೆರಿಗೆಗೆಂದು ಬಂದಿತ್ತು. ಹೆಣ್ಣುಮಗು, ಮಾಶಾಅಲ್ಲಾಹ್.

ನೀವು ಎಲ್ಲಿಂದ ಶುರು ಮಾಡುವಿರಿ?

ಇವು ಸಣ್ಣ ಮಾತುಗಳೆಂದು ನಿಮಗೆ ಅನಿಸಬಹುದು. 2022ರ ಬೇಸಿಗೆಯಲ್ಲಿ ನಮ್ಮ ಇದೇ ರಾಯಚೂರಿನಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ನೀರಿನ ಬಣ್ಣ ಬದಲಾಗಿದೆ ಎಂದು ಮೊದಲು ಕಾಣುವುದು ಯಾರಿಗೆ? ಅಡುಗೆಮನೆಯಲ್ಲಿ ಕೊಡ ತುಂಬುವವಳಿಗೆ. ಗಲ್ಲಿಯ ಸಣ್ಣ ಮಾತನ್ನು ಹೊತ್ತಿಗೆ ಸರಿಯಾಗಿ ಹೇಳುವುದೂ ಜೀವ ಉಳಿಸುವ ಕೆಲಸ.

ಆದ್ದರಿಂದ ಈ ವಾರ ಒಂದು ಟೇಪು ತೆಗೆದುಕೊಂಡು ನಿಮ್ಮ ಬಾಗಿಲ ಮುಂದಿನ ದಾರಿಯನ್ನು ಅಳೆಯಿರಿ. ನಿಮ್ಮ ಮನೆಯದೇ ಗಾಡಿ, ಕಲ್ಲು, ಡ್ರಮ್ಮು ಅಡ್ಡವಿದ್ದರೆ ಮೊದಲು ಅದನ್ನು ಸರಿಸಿರಿ. ಗಲ್ಲಿಯ ಬಾಯಿಯಲ್ಲಿ ನಿಲ್ಲುವ ಗಾಡಿಯ ಕೀಲಿ ಮನೆಯಲ್ಲೇ ಇರಲಿ. ಬಸ್ಸು ನಿಲ್ಲದಿದ್ದರೆ ದಿನ, ವೇಳೆ, ಊರಿನ ಹೆಸರು ಬರೆದು ಹತ್ತು ತಾಯಂದಿರು ಸಹಿ ಮಾಡಿ ಸಾರಿಗೆ ಡಿಪೋಗೆ ಅರ್ಜಿ ಕೊಡಿ. ಚರಂಡಿ, ದೀಪ, ನೀರಿನ ಬಗ್ಗೆ ಮಾನ್ವಿ, ದೇವದುರ್ಗದವರು ಪುರಸಭೆಗೆ ಕೊಡಿ. ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಮೊಹರಿನ ಕಾಗದ ಉತ್ತರ ಕೇಳುತ್ತದೆ.

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡಾಗ ಅದನ್ನು ದೊಡ್ಡ ವಿಷಯವೆಂದು ಜನ ಎಣಿಸಲಿಲ್ಲ. ಪ್ರವಾದಿ(ಸ) ಆಕೆಯನ್ನು ಕೇಳಿದರು. ತನಗೇಕೆ ತಿಳಿಸಲಿಲ್ಲವೆಂದು ವಿಚಾರಿಸಿ, ಆಕೆಯ ಸಮಾಧಿಯ ಬಳಿಗೇ ಹೋಗಿ ಪ್ರಾರ್ಥಿಸಿದರು. ಎಲ್ಲರ ಜಾಗವನ್ನು ಎಲ್ಲರಿಗಾಗಿ ಸ್ವಚ್ಛವಾಗಿ, ತೆರೆದು ಇಡುವವರ ಲೆಕ್ಕ ಅಲ್ಲಾಹನ ಬಳಿ ಇದೆ.

ಖಾಲಾ ಈಗ ಸಂಜೆ ಹೊತ್ತು ಅದೇ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ತಸ್ಬೀಹ್ ಎಣಿಸುತ್ತಾ ಕೂರುತ್ತಾರೆ. ಗಾಡಿ ಬಂದರೆ ತಾವೇ ಎದ್ದು ಕುರ್ಚಿ ಸರಿಸುತ್ತಾರೆ.