ಇಂಧನವೂ ಬಡ್ಡಿಯೂ ಮಲೆನಾಡಿನ ಕಾಡೂ

ಇಂಧನವೆಂಬ ಶಬ್ದವು 'ಇಂಧ್' ಎಂಬ ಧಾತುವಿನಿಂದ ಹುಟ್ಟಿದುದು. ಹೊತ್ತಿಸುವುದಕ್ಕೆ ಸಾಧನವಾದುದೆಂದು ಅದರ ಅರ್ಥ. ಯಾವುದನ್ನು ಹೊತ್ತಿಸಬೇಕೆಂಬುದನ್ನು ವ್ಯಾಕರಣವು ಹೇಳುವುದಿಲ್ಲ. ಕೈಯಲ್ಲಿರುವ ಹಣವು ಹೇಳುತ್ತದೆ. ಬಿಸಿಲಿನಿಂದ ನೀರು ಕಾಯಿಸುವ ಯಂತ್ರವನ್ನು ಒಮ್ಮೆ ಹಾಕಿಸಿದರೆ ಅದು ಹಲವು ವರ್ಷ ದುಡಿಯುವುದೆಂದು ಗೃಹಸ್ಥರೆಲ್ಲರೂ ಬಲ್ಲರು. ಆದರೂ ಕೂಲಿಯವನ ಮನೆಯ ಹಂಡೆಯ ಕೆಳಗೆ ಸೌದೆಯೇ ಉರಿಯುತ್ತದೆ. ಅವನಿಗೆ ಲೆಕ್ಕ ಬಾರದೆಂದಲ್ಲ. ಒಮ್ಮೆಗೇ ಎಣಿಸಿಕೊಡುವಷ್ಟು ಹಣವಿಲ್ಲ, ಸಾಲ ತಂದರೆ ಬಡ್ಡಿಯು ಸೌದೆಯ ಬೆಲೆಯನ್ನು ಮೀರುತ್ತದೆ. ದೇಶಗಳ ಪಾಡೂ ಬಹುಮಟ್ಟಿಗೆ ಇದೇ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ಮೊದಲಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು, ಭದ್ರಾ ನದಿಯಲ್ಲಿ ನೀರಿತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲೊಂದಿರಲಿಲ್ಲ. ಅದನ್ನು ದೂರದ ಗಣಿಗಳಿಂದ ರೈಲಿನಲ್ಲಿ ತರಿಸುವುದು ದುಬಾರಿ. ಆದಕಾರಣ ಸುತ್ತಲಿನ ಕಾಡಿನ ಮರವನ್ನು ಕಡಿದು, ಟ್ರಾಮುದಾರಿಗಳಲ್ಲಿ ಸಾಗಿಸಿ, ಇದ್ದಲು ಮಾಡಿ ಕುಲುಮೆಗೆ ಸುರಿದರು. ಇದನ್ನು ಮಾಡಿದವರು ಅವಿವೇಕಿಗಳಲ್ಲ. ಮೊದಲನೆಯ ಮಹಾಯುದ್ಧವು ಮುಗಿದಮೇಲೆ ಬೀಡುಕಬ್ಬಿಣದ ಬೆಲೆಯು ಇಳಿದುಹೋಗಿ, ಕಾರ್ಖಾನೆಯು ನಷ್ಟದಲ್ಲಿ ನಡೆಯುತ್ತಿರಲು, ಅದನ್ನು ಉಳಿಸುವ ಹೊಣೆಯು ವಿಶ್ವೇಶ್ವರಯ್ಯನವರ ಮೇಲೆ ಬಿದ್ದಿತು. ನಷ್ಟದಲ್ಲಿರುವವನು ಕೈಗೆಟಕುವ ಇಂಧನವನ್ನು ಬಿಟ್ಟಾನೆಯೆ? ಮರ ಕಡಿಯುವ ಕೂಲಿಗೆ ಲೆಕ್ಕಪುಸ್ತಕದಲ್ಲಿ ಕಲಮಿರುತ್ತದೆ. ಆ ಮರವು ಬೆಳೆಯಲು ಹಿಡಿದ ಕಾಲಕ್ಕೆ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

1948ರಲ್ಲಿ ಜೋಗದ ವಿದ್ಯುದಾಗಾರವು ನಡೆಯತೊಡಗಿತು. ಮುಂದಿನ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದುವು. ಶಾಖವನ್ನು ವಿದ್ಯುತ್ತೇ ಒದಗಿಸುವುದರಿಂದ ಅಂಥ ಕುಲುಮೆಗೆ ಇದ್ದಲು ಕಡಿಮೆ ಸಾಕು. ಕಾಡಿಗೆ ಇದರಿಂದ ಬಿಡುಗಡೆಯಾಯಿತೆಂದು ವಾಚಕರು ಭಾವಿಸಬಹುದು. ಆದರೆ ಜಲವಿದ್ಯುತ್ತಿಗೆ ನೀರಿನ ಸಂಗ್ರಹ ಬೇಕು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿಯಲು, ಶರಾವತಿಯ ಕಣಿವೆಯಲ್ಲಿ 300 ಚದರ ಕಿಲೋಮೀಟರಿಗೂ ಮಿಗಿಲಾದ ನೆಲವು ಜಲಾಶಯದ ಪಾಲಾಯಿತು. ಕಾಡೂ ಮುಳುಗಿತು, ಗದ್ದೆತೋಟಗಳೂ ಮುಳುಗಿದುವು. ಒಕ್ಕಲೆದ್ದ ಸಂಸಾರಗಳನ್ನು ಬೇರೆಡೆಯ ಕಾಡುನೆಲಗಳಲ್ಲಿ ನೆಲೆಗೊಳಿಸಿದರು. ಆರು ದಶಕಗಳು ಕಳೆದರೂ ಅವರಲ್ಲಿ ಅನೇಕರಿಗೆ ಹಕ್ಕುಪತ್ರವು ದೊರೆತಿಲ್ಲ. ನಾಡಿನ ದೀಪಗಳಿಗೆ ಅಗ್ಗದ ವಿದ್ಯುತ್ತು ಬಂದುದರಲ್ಲಿ ಇವರ ಪಾಲೂ ಒಂದು ಬಂಡವಾಳವೇ. ಅದಕ್ಕೆ ಬಡ್ಡಿ ಕೊಟ್ಟವರಿಲ್ಲ.

ಈಗ ಬಿಸಿಲಿನ ಸರದಿ. ಕಲ್ಲಿದ್ದಲಿನ ವಿದ್ಯುದಾಗಾರಕ್ಕೆ ಅದು ನಡೆಯುವಷ್ಟು ಕಾಲವೂ ಕಲ್ಲಿದ್ದಲನ್ನು ಕೊಳ್ಳುತ್ತಿರಬೇಕು. ಸೌರ ವಿದ್ಯುತ್ತಿಗಾದರೋ ವೆಚ್ಚವೆಲ್ಲ ಬಹುತೇಕ ಆರಂಭದಲ್ಲಿಯೇ. ಆದುದರಿಂದ ಬಡ್ಡಿಯ ದರವೇ ಅದರ ಹಣೆಬರಹ. ಚಿಕ್ಕದೊಂದು ಲೆಕ್ಕವನ್ನು ಮಾಡಿ ನೋಡೋಣ (ಮೇಷ್ಟರ ಚಾಳಿ, ವಾಚಕರು ಮನ್ನಿಸಬೇಕು). ನೂರು ರೂಪಾಯಿ ಸಾಲವನ್ನು 25 ವರ್ಷಗಳ ಸಮಕಂತುಗಳಲ್ಲಿ ತೀರಿಸುವುದಾದರೆ, ನೂರಕ್ಕೆ 6ರ ಬಡ್ಡಿಗೆ ವರ್ಷಕ್ಕೆ ಸುಮಾರು 7 ರೂಪಾಯಿ 80 ಪೈಸೆ. 12ರ ಬಡ್ಡಿಗೆ 12 ರೂಪಾಯಿ 75 ಪೈಸೆ. ಬಿಸಿಲು ಅದೇ, ಯಂತ್ರ ಅದೇ, ವಿದ್ಯುತ್ತಿನ ಬೆಲೆ ಮಾತ್ರ ಬೇರೆ. ಸಾಲವು ಅಗ್ಗವಾಗಿ ಹುಟ್ಟುವ ದೇಶಕ್ಕೆ ಹೊಗೆಯನ್ನು ಬಿಡುವುದು ಸುಲಭ. ಬಡದೇಶವು ಹೊಗೆಯನ್ನೇ ನೆಚ್ಚಬೇಕಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರ ಉದ್ಯಾನವಿದೆ. ಅಲ್ಲಿ ಲಿಂಗನಮಕ್ಕಿಗಿಂತ ಮೇಲಾದ ಒಂದು ಕ್ರಮವನ್ನು ಅನುಸರಿಸಿದರು: ನೆಲವನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಒಕ್ಕಲಿಗೆ ಇದು ನಿಶ್ಚಿತವಾದ ಆದಾಯ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ.

ಸೂರ್ಯಾಸ್ತವಾದಮೇಲೆ ಪಾವಗಡವು ನಿದ್ರಿಸುತ್ತದೆ. ಊರುಗಳಲ್ಲಿ ದೀಪ ಹಚ್ಚುವ ವೇಳೆ ಅದೇ. ಹಗಲಿನ ವಿದ್ಯುತ್ತಿನಿಂದ ಕೆಳಗಿನ ನೀರನ್ನು ಮೇಲಕ್ಕೆ ಹತ್ತಿಸಿ, ರಾತ್ರಿ ಇಳಿಸಿ ವಿದ್ಯುತ್ತನ್ನು ಪಡೆಯುವುದು ಒಂದು ಉಪಾಯ. ಅದಕ್ಕಾಗಿ ಗೇರುಸೊಪ್ಪೆ ಮತ್ತು ತಳಕಳಲೆಯ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಯೋಜನೆಯೊಂದನ್ನು ರೂಪಿಸಿದ್ದಾರೆ. ಅವೆರಡರ ನಡುವಿರುವುದು ಶರಾವತಿಯ ಅದೇ ಕಣಿವೆ, ಸಿಂಗಳೀಕಗಳ ಅಭಯಾರಣ್ಯ.