ಪಾಕೀಟು ತರಾಕ ತಮ್ಮನ್ನ ಕಳಿಸಬ್ಯಾಡ್ರಿ

ಗದಗ ಹತ್ತಿರದ ಕೋಟುಮಚಗಿ ಇರಲಿ, ನಮ್ಮ ಯಾವುದೇ ಊರಿರಲಿ, ರಜೆಗೆ ಹೋದಾಗ ನಾವೆಲ್ಲ ಕೇಳಿರೋ ಮಾತಿದು: "ತಮ್ಮಾ, ಓಡಿ ಹೋಗಿ ಒಂದ್ ಪಾಕೀಟ್ ತುಗೊಂಡ್ ಬಾರಪಾ." ಉಳಿದ ಚಿಲ್ಲರೆ ಹುಡುಗನಿಗೇ. ಎಲ್ಲಿ ಸಿಗ್ತದೆ, ಎಷ್ಟಕ್ಕೆ ಸಿಗ್ತದೆ, ಯಾರೂ ಕೇಳೋದಿಲ್ಲ ಅನ್ನೋದನ್ನ ಅವನು ಕುಡಿಯೋ ಮೊದಲೇ ಕಲಿತುಬಿಡ್ತಾನೆ.

ರಾಜ್ಯದಲ್ಲಿ ಸಾರಾಯಿ 2007ರ ಜುಲೈ 1ರಿಂದ ಬಂದ್. ಆದರೆ ಕಡಿಮೆ ಬೆಲೆಯ ಮದ್ಯ 90 ಮಿ.ಲೀ. ಪಾಕೀಟಿನಲ್ಲಿ ಸಿಗ್ತದೆ, ಚಡ್ಡಿ ಜೇಬಿನಲ್ಲಿ ಹಿಡಿಸ್ತದೆ.

ಕಾನೂನು ಏನು ಹೇಳ್ತದೆ? ನಮ್ಮ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಇದನ್ನು 18ಕ್ಕೆ ಇಳಿಸೋ ಪ್ರಸ್ತಾಪ ಬಂದು, ಜನರ ವಿರೋಧದಿಂದ ಬಿದ್ದುಹೋಯಿತು. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಬಿಗಿ: ಮಕ್ಕಳಿಗೆ ಮದ್ಯ ಕೊಟ್ಟರೂ (77ನೇ ಕಲಂ), ಅವರ ಕೈಯಲ್ಲಿ ಸಾಗಿಸಿದರೂ (78ನೇ ಕಲಂ) 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಕಾಯ್ದೆ ತೋರಿಸಿ ಅಪ್ಪನನ್ನ ಹೆದರಿಸಬೇಕಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ನಾವು ಬೇಡಬೇಕಾದ್ದು ಇಷ್ಟೇ: "ಬೇಕಾದ್ರ ನೀವ ಹೋಗ್ರಿ, ಹುಡುಗನ್ನ ಕಳಿಸಬ್ಯಾಡ್ರಿ."

ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎತ್ತಿಸೋಣ, ಅಬಕಾರಿ ಇಲಾಖೆಗೆ ತಿಳಿಸೋಣ. ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡೋಣ.

ಅಪ್ಪನ ಕುಡಿತವನ್ನ ಒಂದೇ ರಜೆಯಲ್ಲಿ ಬಿಡಿಸೋದು ನಮ್ಮ ಕೈಲಾಗಲಿಕ್ಕಿಲ್ಲ. ತಮ್ಮ ಪಾಕೀಟು ತರೋದನ್ನ ಮಾತ್ರ ಈ ರಜೆಯಲ್ಲೇ ನಿಲ್ಲಿಸಬಹುದು.