ಏರಿದ್ದು ಎಷ್ಟು ಷೇರಿನ ಬಲದಲ್ಲಿ?

ಒಂದು ಷೇರು 100 ರೂಪಾಯಿಯಿಂದ 103ಕ್ಕೆ ಏರಿದೆ ಎಂದು ಟಿವಿ ಪರದೆಯ ಹಸಿರು ಬಾಣ ತೋರಿಸುತ್ತದೆ. ಆ 103 ಎಂಬುದು ಕೊನೆಯದಾಗಿ ಕುದುರಿದ ಒಂದೇ ವ್ಯವಹಾರದ ದರ. ಅದು ಹತ್ತು ಷೇರಿನದೋ ಹತ್ತು ಲಕ್ಷದ್ದೋ, ಬಾಣಕ್ಕೆ ಗೊತ್ತಿಲ್ಲ. ರಾಶಿ ಅಡಿಕೆಗೆ ದಾಖಲೆ ಧಾರಣೆ ಎಂಬ ಸುದ್ದಿ ಓದಿದ ಬೆಳೆಗಾರ ಮೊದಲು ಕೇಳುವುದು, 'ಆ ರೇಟಿಗೆ ಎಷ್ಟು ಚೀಲ ಹೋಯ್ತು?' ಎಂದು. ಷೇರುಪೇಟೆಯಲ್ಲಿ ಆ ಪ್ರಶ್ನೆಗೆ ಸಿಗುವ ಉತ್ತರವೇ ವಾಲ್ಯೂಮ್, ಅಂದರೆ ದಿನದಲ್ಲಿ ಕೈಬದಲಾದ ಷೇರುಗಳ ಸಂಖ್ಯೆ.

ಬೆಲೆ ಏರುವುದು ಹೇಗೆಂದು ತಿಳಿಯಲು ಯಂತ್ರದ ಒಳಗೆ ಇಣುಕಬೇಕು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1994ರ ನವೆಂಬರ್‌ನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಷೇರು ವಹಿವಾಟು ಆರಂಭಿಸಿತು. ಅಲ್ಲಿನ ಕಂಪ್ಯೂಟರ್ ಕೊಳ್ಳುವವರದೊಂದು, ಮಾರುವವರದೊಂದು ಸರದಿ ಇಟ್ಟುಕೊಂಡಿರುತ್ತದೆ. ಒಳ್ಳೆಯ ದರ ಕೂಗಿದವರಿಗೆ ಮೊದಲ ಸ್ಥಾನ. ದರ ಒಂದೇ ಆಗಿದ್ದರೆ ಮೊದಲು ಬಂದವರಿಗೆ. ಈಗ ಮಾರುವ ಸರದಿಯಲ್ಲಿ 101ಕ್ಕೆ 200, 102ಕ್ಕೆ 300, 103ಕ್ಕೆ 500 ಷೇರುಗಳಿವೆ ಎನ್ನಿ. ಯಾರೋ ಒಬ್ಬರು ದರ ನೋಡದೆ 600 ಷೇರು ಕೇಳಿದರೆ ಮೊದಲ ಎರಡು ಮೆಟ್ಟಿಲು ಖಾಲಿ, ಮೂರನೆಯದರಲ್ಲಿ ನೂರು ಖರ್ಚು. ಬೆಲೆ 103! ಇನ್ನೊಂದು ಕಂಪನಿಯಲ್ಲಿ ಪ್ರತಿ ಮೆಟ್ಟಿಲಲ್ಲೂ ಐವತ್ತು ಸಾವಿರ ಷೇರುಗಳಿದ್ದರೆ ಅದೇ ಮೂರು ರೂಪಾಯಿ ಏರಲು ಲಕ್ಷಕ್ಕೂ ಹೆಚ್ಚು ಷೇರು ನುಂಗಬೇಕು. 'ಸಾಕು, ಮಾರಿಬಿಡೋಣ' ಎಂದವರ ಷೇರನ್ನೆಲ್ಲ ಕೊಂಡುಕೊಂಡೂ ನಿಂತ ಬೆಲೆ ಅದು. ಮೊದಲ ಕಂಪನಿಯ ಬೆಲೆಯನ್ನಾದರೆ ಮಧ್ಯಾಹ್ನ ಇನ್ನೊಬ್ಬರು 600 ಷೇರು ಮಾರಿ ಕೆಳಗಿಳಿಸಬಹುದು.

'ಕೊಳ್ಳುವವರು ಜಾಸ್ತಿ, ಮಾರುವವರು ಕಮ್ಮಿ, ಅದಕ್ಕೇ ಏರಿತು' ಎಂಬ ಮಾತು ಕೇಳುತ್ತಿರುತ್ತೇವೆ. ಲೆಕ್ಕದಲ್ಲಿ ಅದು ಸರಿಯಲ್ಲ. ಕೊಂಡ ಪ್ರತಿ ಷೇರನ್ನೂ ಯಾರೋ ಮಾರಿರಲೇಬೇಕು. ಹಾಗಾಗಿ ವಾಲ್ಯೂಮ್‌ಗೆ ತನ್ನದೇ ದಿಕ್ಕಿಲ್ಲ, ನಾವೇ ಹಚ್ಚಬೇಕು. ಅಮೆರಿಕದ ಜೋಸೆಫ್ ಗ್ರ್ಯಾನ್‌ವಿಲ್ 1963ರ ತನ್ನ ಪುಸ್ತಕದಲ್ಲಿ ಇದಕ್ಕೆ ಸರಳ ಉಪಾಯವೊಂದನ್ನು ಜನಪ್ರಿಯಗೊಳಿಸಿದ. ಬೆಲೆ ಏರಿ ಮುಗಿದ ದಿನದ ವಾಲ್ಯೂಮನ್ನು ಕೂಡು, ಇಳಿದ ದಿನದ್ದನ್ನು ಕಳೆ. ಮೂರು ದಿನ ಏರಿಕೆ, ಇಳಿಕೆ, ಏರಿಕೆ ಆಗಿ ಎರಡು ಲಕ್ಷ, ಐವತ್ತು ಸಾವಿರ, ಮೂರು ಲಕ್ಷ ಷೇರು ವಹಿವಾಟಾದರೆ ಮೊತ್ತ ನಾಲ್ಕೂವರೆ ಲಕ್ಷ. ಬೆಲೆ ಹೊಸ ಎತ್ತರ ಮುಟ್ಟಿದರೂ ಈ ಮೊತ್ತ ಹಿಂದಿನ ಎತ್ತರ ದಾಟದಿದ್ದರೆ ಏರಿಕೆ ಸೊರಗುತ್ತಿದೆ ಎಂದು ಅನುಮಾನಿಸಬೇಕು. ಐದು ಪೈಸೆ ಏರಿದರೂ ಇಡೀ ದಿನದ ವಾಲ್ಯೂಮ್ ಕೂಡುವ ಲೆಕ್ಕಕ್ಕೇ ಹೋಗುತ್ತದೆ ಎಂಬುದು ಇದರ ಒರಟುತನ.

ಗ್ರ್ಯಾನ್‌ವಿಲ್ ಮಾತಿಗೆ ದೊಡ್ಡ ತೂಕವಿತ್ತು. 1981ರ ಜನವರಿಯಲ್ಲಿ 'ಎಲ್ಲ ಮಾರಿ' ಎಂದು ತನ್ನ ಸಲಹಾಪತ್ರದ ಚಂದಾದಾರರಿಗೆ ಹೇಳಿದ ಮರುದಿನವೇ ನ್ಯೂಯಾರ್ಕ್ ಪೇಟೆ ಶೇ 2ಕ್ಕೂ ಹೆಚ್ಚು ಕುಸಿಯಿತು. ಆದರೆ 1982ರ ಆಗಸ್ಟ್‌ನಲ್ಲಿ ಭಾರಿ ಏರಿಕೆ ಶುರುವಾದಾಗಲೂ ಈತ ಇಳಿಯುತ್ತದೆ ಎನ್ನುತ್ತಲೇ ಇದ್ದ. ಸೂತ್ರಕ್ಕಿಂತ ಸೂತ್ರಧಾರನ ಹಟ ದೊಡ್ಡದಾಯಿತೆಂದು ನನ್ನ ಅನಿಸಿಕೆ.

ನಮ್ಮ ಪೇಟೆಯಲ್ಲಿ ವಾಲ್ಯೂಮನ್ನು ಹಾಗೇ ನಂಬುವುದೂ ಕಷ್ಟ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವರ ವಹಿವಾಟೂ ಅದರಲ್ಲಿದೆ. ನಿಜವಾಗಿ ಡಿಮ್ಯಾಟ್ ಖಾತೆ ಸೇರಿದ್ದೆಷ್ಟು ಎಂಬ ಡೆಲಿವರಿ ಪ್ರಮಾಣವನ್ನು ವಿನಿಮಯ ಕೇಂದ್ರ ದಿನವೂ ಬೇರೆಯಾಗಿ ಪ್ರಕಟಿಸುತ್ತದೆ. ನಾನಾದರೆ ಮೊದಲು ಅದನ್ನೇ ನೋಡುತ್ತೇನೆ. ವಾಲ್ಯೂಮನ್ನು ಬೇಕೆಂದೇ ಹಿಗ್ಗಿಸುವುದೂ ಉಂಟು: 2001ರಲ್ಲಿ ಬಯಲಾದ ಷೇರು ಹಗರಣದಲ್ಲಿ ದಲ್ಲಾಳಿಗಳು ತಮ್ಮತಮ್ಮೊಳಗೇ ಷೇರು ಸುತ್ತಿಸಿ ವಹಿವಾಟು ಉಬ್ಬಿಸಿದ್ದು ತನಿಖೆಯಲ್ಲಿ ಕಂಡಿತ್ತು. ಷೇರು ಸೂಚ್ಯಂಕಕ್ಕೆ ಸೇರುವ ದಿನ ಅಥವಾ ಮುಖಬೆಲೆ ಒಡೆದ ಮೇಲೆ ಸಂಖ್ಯೆ ತಾನಾಗಿಯೇ ಹಿಗ್ಗುತ್ತದೆ.

ಅಪ್ಪರ್ ಸರ್ಕ್ಯೂಟ್, ಅಂದರೆ ದಿನದ ಏರಿಕೆಯ ಗರಿಷ್ಠ ಮಿತಿ, ಮುಟ್ಟಿದಾಗಲಂತೂ ಲೆಕ್ಕ ಪೂರ್ತಿ ತಲೆಕೆಳಗು. ಆ ದಿನದ ಮಿತಿಗಿಂತ ಮೇಲೆ ಬೆಲೆ ಕೂಗುವಂತಿಲ್ಲ, ಮಾರುವವರು ಕೈಕಟ್ಟಿ ಕೂರುತ್ತಾರೆ, ವಾಲ್ಯೂಮ್ ತೀರಾ ಕಡಿಮೆ. ಅಲ್ಲಿ ನೋಡಬೇಕಾದದ್ದು ಕೊಳ್ಳಲು ಸರದಿಯಲ್ಲಿ ನಿಂತ ಆರ್ಡರ್‌ಗಳನ್ನು. ಅವನ್ನೂ ಹಾಕಿದವರು ಯಾವ ಕ್ಷಣದಲ್ಲಾದರೂ ವಾಪಸ್ ತೆಗೆದುಕೊಳ್ಳಬಹುದು.